ಅಜ್ಜಿ ನಿಂತ ಜಾಗ

ಅಜ್ಜಿಯ ಬಲಗಿವಿಯ ಅಂಚು ಸ್ವಲ್ಪ ಮಡಚಿಕೊಂಡಿತ್ತು. ಹಲವು ಊರುಗಳು ಸೇರಿದ ನಮ್ಮ ಸೀಮೆಯಲ್ಲಿ ಹಿಂದೆ ಗಡಿ ಸುತ್ತುವ ಪದ್ಧತಿ ಇತ್ತು. ಪ್ರತಿ ಗಡಿಕಲ್ಲಿನ ಹತ್ತಿರವೂ ಹಿರಿಯರು ಒಂದು ಮಗುವನ್ನು ನಿಲ್ಲಿಸಿ ಕಿವಿ ಹಿಂಡುತ್ತಿದ್ದರು. ನೋವಾದ ಜಾಗವನ್ನು ಅದು ಸಾಯುವತನಕ ಮರೆಯಬಾರದೆಂದು. ಮೂಡಲ ಗಡಿಯ ಕಲ್ಲಿನ ಬಳಿ ಅಜ್ಜಿಯ ಕಿವಿ ಹಿಂಡಿದವನು ಅವಳ ಅಪ್ಪನೇ.

ಅಜ್ಜಿಯ ಚಿಕ್ಕಂದಿನಲ್ಲೇ ಹಳ್ಳ ಉಕ್ಕಿ ಆ ಕಲ್ಲು ಕೊಚ್ಚಿಹೋಗಿತ್ತು. ನಾನು ಕಾಲೇಜು ಮುಗಿಸಿ ಬಂದ ವರ್ಷ, ಅಲ್ಲಿದ್ದ ಸಿಹಿನೀರಿನ ಬಾವಿ ತಮ್ಮದೆಂದು ಆಚೆ ಸೀಮೆಯವರು ಹಟ ಹಿಡಿದರು. ನಮ್ಮ ಕೇರಿಗೆ ಬೇರೆ ಬಾವಿ ಇರಲಿಲ್ಲ. ಆ ಕಲ್ಲು ಕಂಡವರಲ್ಲಿ ಉಳಿದಿದ್ದವಳು ಅಜ್ಜಿಯೊಬ್ಬಳೇ. ಅವಳು ನಿಂತಲ್ಲಿ ಹೊಸ ಕಲ್ಲು ನೆಡುವುದೆಂದು ಎರಡೂ ಕಡೆಯ ಯಜಮಾನರು ಒಪ್ಪಿದರು.

ಆದರೆ ಅಜ್ಜಿ ಆಗಲೇ ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಬಾವಿ ನಮ್ಮ ಕಡೆಗೇ ಉಳಿಯಲೆಂದು ಅಮ್ಮ ದಿನವೂ ಅವಳನ್ನು ಬಾವಿಯಾಚೆಯ ಹುಣಸೆಮರದ ತನಕ ನಡೆಸಿ, ಇಲ್ಲೇ ನಿಲ್ಲಬೇಕೆಂದು ಹೇಳಿಕೊಟ್ಟಳು. ಅಜ್ಜಿ ಅದನ್ನೂ ಮರೆತರೆ ಎಂಬ ದಿಗಿಲು ನನಗೆ.

ಕಲ್ಲು ನೆಡುವ ದಿನ ಬೆಳಿಗ್ಗೆ, ಎರಡೂ ಸೀಮೆಯವರ ಮುಂದೆ ಅಜ್ಜಿ ನನ್ನ ಕೈ ಹಿಡಿದು ಹೊರಟಳು. ಆಚೆ ಸೀಮೆಯ ಯಜಮಾನ ಕೆಂಚಪ್ಪ ನಕ್ಕ. "ಅಜ್ಜಮ್ಮಂಗೆ ತನ್ನ ಮನೆ ಬಾಗಿಲೇ ಗೊತ್ತಾಗಕಿಲ್ಲ. ಸೀಮೆ ತೋರಿಸ್ತದಂತೆ." ನಾನು ಅವಳ ಪಾದಗಳನ್ನೇ ನೋಡುತ್ತಿದ್ದೆ.

ಬಾವಿ ಇನ್ನೂ ದೂರವಿರುವಾಗಲೇ ಆ ಪಾದಗಳು ನಿಂತವು. ಎಳೆದರೂ ಕದಲಲಿಲ್ಲ. ಮಡಚಿದ ಆ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಅಜ್ಜಿ ನನ್ನ ಬೆನ್ನ ಹಿಂದೆ ಅಡಗಿದಳು. "ಅಪ್ಪಯ್ಯ, ಬ್ಯಾಡ," ಅಂದಳು. ನನಗೊಬ್ಬಳಿಗೇ ಕೇಳಿಸಿತು.

ಅಮ್ಮ ಓಡಿಬಂದಳು. "ಕಾಲು ಸೋತವೆ ಅಷ್ಟೇ. ನಡೀರಿ ಅತ್ತೆ, ಇನ್ನೊಂದು ಚೂರು." ಅವಳು ತೋಳು ಹಿಡಿದು ಎಳೆದಷ್ಟೂ ಅಜ್ಜಿಯ ನಡುಕ ನನ್ನ ಬೆನ್ನಿಗೆ ತಾಗುತ್ತಿತ್ತು.

ನಮ್ಮ ಯಜಮಾನ ರುದ್ರಯ್ಯ ನನ್ನನ್ನು ಕೇಳಿದರು: "ಏನಂತದವ್ವ ಅಜ್ಜಿ?"

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕೇರಿಯ ಹೆಂಗಸರೆಲ್ಲ ನೋಡುತ್ತಿದ್ದರು. ಅಜ್ಜಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಲು ನನ್ನಿಂದಾಗಲಿಲ್ಲ.

"ಇಲ್ಲೇ ಅಂತಾಳೆ," ಎಂದೆ.

ಕೆಂಚಪ್ಪ ಈಗ ನಗಲಿಲ್ಲ. ಅಲ್ಲೇ ಗೂಟ ಹೊಡೆಸಿದ. ಬಾವಿ ಗಡಿಯಾಚೆ ಉಳಿಯಿತು.

ಸಂಜೆ ಅಮ್ಮ ಕೊಡ ಹಿಡಿದು ಹೊರಟಾಗ ನಾನೂ ಹಿಂದೆ ಹೋದೆ. ಬಾವಿಕಟ್ಟೆಯ ಮೇಲೆ ಆಚೆ ಸೀಮೆಯ ಹೆಂಗಸೊಬ್ಬಳು ನೀರು ಸೇದುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಅಮ್ಮ ಹೊಸೆದ ಹಗ್ಗ. ಅಮ್ಮ ಅದನ್ನು ವಾಪಸು ಕೇಳಲಿಲ್ಲ. ಕಟ್ಟೆಯ ಕೆಳಗೆ ನಿಂತು, ಖಾಲಿ ಕೊಡವನ್ನು ಎರಡೂ ಕೈಯಿಂದ ಮುಂದಕ್ಕೆ ಹಿಡಿದಳು.