ಅಕ್ಷಿತಾಳ ಬೆಳಗಿನ ತಿಂಡಿ

ಪೋಷಣಾ ವಿಜ್ಞಾನದ ಪರೀಕ್ಷೆಯಲ್ಲಿ ‘ಬೆಳಗಿನ ಉಪಾಹಾರದ ಮಹತ್ವ’ ಎಂಬ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು ಇಡೀ ಕ್ಲಾಸಿನಲ್ಲಿ ಅಕ್ಷಿತಾ ಒಬ್ಬಳೇ. ಮೇಡಂ ಅವಳ ಉತ್ತರವನ್ನು ಎಲ್ಲರೆದುರು ಓದಿಸಿದರು. ಅದೇ ವಾರ ಅವಳು ಲ್ಯಾಬಿನಲ್ಲಿ ತಲೆ ತಿರುಗಿ ಬಿದ್ದಳು. ಇದಕ್ಕೆ ಎಂತ ಹೇಳುವುದು? ನನಗಂತೂ ತಲೆಬುಡ ಅರ್ಥವಾಗಲಿಲ್ಲ.

ತಿಂಡಿ ತಿಂದಿದ್ದೀಯಾ ಎಂದು ಕೇಳಿದರೆ ತಿಂದಿದ್ದೇನೆ ಎನ್ನುತ್ತಾಳೆ. ಎಂತ ತಿಂದದ್ದು ಎಂದರೆ ನೀರುದೋಸೆ ಎನ್ನುತ್ತಾಳೆ. ಮಧ್ಯಾಹ್ನ ಬುತ್ತಿ ಬಿಚ್ಚಿ ನಮಗೆಲ್ಲ ಹಂಚಿ, ತನಗೆ ಬೆಳಿಗ್ಗೆ ತಿಂದದ್ದೇ ಹೆಚ್ಚಾಗಿದೆ ಎನ್ನುತ್ತಾಳೆ. ಅವಳಮ್ಮನ ಪತ್ರೊಡೆಯನ್ನು ಬೇಡ ಎನ್ನುವಷ್ಟು ಒಳ್ಳೆಯವಳು ನಾನಲ್ಲ. ಡಾಕ್ಟರು ಹೊತ್ತುಹೊತ್ತಿಗೆ ತಿನ್ನು ಎಂದಾಗ ಅವರಿಗೂ ‘ತಿನ್ನುತ್ತೇನೆ’ ಎಂದೇ ಹೇಳಿದಳು.

ಎರಡನೇ ಸಲ ಬಿದ್ದಾಗ ಅವಳಪ್ಪ ತ್ಯಾಂಪಣ್ಣ ತಮ್ಮೂರು ಕೊಯಿಲದಿಂದ ಬಂದರು. “ಇನ್ನೊಂದು ಸಲ ಹೀಗಾದ್ರೆ ಓದಿದ್ದು ಸಾಕು, ಮನೆಯಲ್ಲಿ ಕೂತ್ಕೊ” ಎಂದು ನಮ್ಮೆದುರೇ ಹೇಳಿ ಹೋದರು. ಪದವಿಯ ಕೊನೆಯ ವರ್ಷ ಬೇರೆ.

ಡಯಟ್ ಎಂದುಕೊಳ್ಳೋಣವೆಂದರೆ ಅವಳು ಮೊದಲೇ ಕಡ್ಡಿ. ವ್ರತವಿದೆಯಾ ಎಂದು ಕೇಳಿದೆ, ಇಲ್ಲ ಎಂದಳು. ಪ್ರೀತಿಗೀತಿಯೋ ಎಂದು ಫೋನ್ ಕಸಿದು ನೋಡಿದೆ. ಅದರ ತುಂಬ ಅವರ ಹಟ್ಟಿಯ ಕರುವಿನ ಫೋಟೋಗಳು. ಒಟ್ಟಿನಲ್ಲಿ ನಾನು ಓದಿದ ಯಾವ ಕಾರಣಕ್ಕೂ ಇವಳು ಹೊಂದುತ್ತಿರಲಿಲ್ಲ.

ಮೊನ್ನೆ ಸಂಜೆ ಕಾಲೇಜಿನ ಮೆಟ್ಟಿಲಲ್ಲಿ ಮತ್ತೆ ಓಲಾಡಿದಳು. ನಾನು ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಮನೆ ಮುಟ್ಟಿಸಿಯೇ ಬರುತ್ತೇನೆ ಎಂದು ಜೊತೆಗೆ ಹೊರಟು, ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಎಳೆದುಕೊಂಡು ಹೋಗಿ ಬನ್ಸ್ ತರಿಸಿದೆ.

“ಬೇಡ ಅನಘಾ. ಮನೆಗೆ ಹೋಗಿ ತಿನ್ತೇನೆ.”

“ಈಗಲೇ ತಿನ್ನು ಮಾರಾಯ್ತಿ. ಇಲ್ಲದಿದ್ರೆ ನಿನ್ನ ಅಪ್ಪನಿಗೆ ಫೋನ್ ಮಾಡ್ತೇನೆ.”

ಕಣ್ಣಲ್ಲಿ ನೀರು ತುಂಬಿಕೊಂಡು ತಿಂದಳು. ಇನ್ನೊಂದು ತಿನ್ನು ಎಂದೆ, ಅದನ್ನೂ ತಿಂದಳು. ಅಂತೂ ಗೆದ್ದೆ ಎಂದುಕೊಂಡೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು ಕೂತೆ. ಉಪ್ಪಿನಂಗಡಿ ದಾಟುವವರೆಗೆ ಅವಳು ಕಣ್ಣು ಮುಚ್ಚಿ, ಎದುರಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಮತ್ತೆ ತಿರುವುಗಳು ಶುರುವಾದವು. ಅವಳು ನನ್ನನ್ನು ದಾಟಿ ಕಿಟಕಿಗೆ ಬಾಗುವಷ್ಟರಲ್ಲಿ ತಿಂದದ್ದೆಲ್ಲ ನನ್ನ ಮಡಿಲಿಗೆ ಬಂತು. ಕಂಡಕ್ಟರ್ “ಹೊಟ್ಟೆ ತುಂಬ ತಿಂದು ಬಸ್ಸು ಹತ್ತುದು ಎಂತಕ್ಕೆ” ಎಂದು ಗೊಣಗಿದ. ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು.

“ಈಗ ಗೊತ್ತಾಯ್ತಾ?” ಎಂದಳು ಅಕ್ಷಿತಾ ಸಣ್ಣ ದನಿಯಲ್ಲಿ. “ಬೆಳಿಗ್ಗೆ ತಿಂದ್ರೆ ಹೀಗೆ. ಮಧ್ಯಾಹ್ನ ತಿಂದ್ರೆ ಸಂಜೆ ಪುನಃ ಬಸ್ಸು ಉಂಟಲ್ಲ. ಅದಕ್ಕೆ ಬೆಳಗ್ಗಿನ ದೋಸೆ ಯಾರೂ ನೋಡದ ಹಾಗೆ ಕರುವಿಗೆ ಹಾಕಿ, ರಾತ್ರಿ ಮಾತ್ರ ತಿನ್ನುದು.”

“ಅದಕ್ಕೆ ಮಾತ್ರೆ ಉಂಟಲ್ಲ?”

“ಅದು ತಕ್ಕೊಂಡ್ರೆ ಕ್ಲಾಸಲ್ಲಿ ಇಡೀ ನಿದ್ದೆ.”

“ಮನೆಯಲ್ಲಿ ಹೇಳ್ಬಹುದಿತ್ತಲ್ಲ?”

“ಅಕ್ಕ ಹೇಳಿದ್ದಳು. ಬಸ್ಸು ಆಗದವಳಿಗೆ ಕಾಲೇಜು ಎಂತಕ್ಕೆ ಅಂತ ಅಪ್ಪ ಪಿಯುಸಿಗೇ ನಿಲ್ಲಿಸಿದ್ರು. ನಂಗೆ ಬಸ್ಸು ಆಗ್ತದೆ ಅಂತಲೇ ಕಳಿಸ್ತಾ ಇರುದು.”

ತಿಂದರೆ ಬಸ್ಸು ಆಗುವುದಿಲ್ಲ, ತಿನ್ನದಿದ್ದರೆ ಕ್ಲಾಸಿನಲ್ಲಿ ಬೀಳುತ್ತಾಳೆ. ಇಷ್ಟು ವರ್ಷ ನಾನು ಉರು ಹೊಡೆದ ಕ್ಯಾಲೊರಿ, ಪ್ರೋಟೀನಿನ ಪಾಠದಲ್ಲಿ ಬಸ್ಸಿನ ಮಾತೇ ಇರಲಿಲ್ಲ. ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಮನೆಯ ಜಗಲಿಯಲ್ಲಿ ತ್ಯಾಂಪಣ್ಣ ಕೂತಿದ್ದರು. ನನ್ನ ಬಟ್ಟೆ ನೋಡಿದ್ದೇ ಎದ್ದು ನಿಂತರು.

“ಎಂತಾಯ್ತು? ಇವಳಿಗೆ ಪುನಃ ಎಂತಾದ್ರೂ ಆಯ್ತಾ?”

ಅಕ್ಷಿತಾ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಿಜ ಹೇಳಿದರೆ ಅವಳ ಓದು ನಾಳೆಗೇ ಮುಗಿಯುತ್ತದೆ. ಹೇಳದಿದ್ದರೆ ನಾಳೆಯೂ ಖಾಲಿ ಹೊಟ್ಟೆಯಲ್ಲಿ ಬರುತ್ತಾಳೆ. ಯಾವುದು ಸರಿ ಎಂದು ಯೋಚಿಸುವ ಮೊದಲೇ ನನ್ನ ಬಾಯಿಂದ ಮಾತು ಬಂದಿತ್ತು.

“ನಂಗೆ ಅಂಕಲ್. ನಂಗೆ ಬಸ್ಸು ಆಗುದಿಲ್ಲ. ವಾಂತಿ ಆಯ್ತು. ಅಕ್ಷಿತಾ ಇದ್ದದ್ದಕ್ಕೆ ಬಚಾವ್.”

ಅವರ ಮುಖ ಸಡಿಲವಾಯಿತು. ತಾವೇ ಕೊಡಪಾನದಲ್ಲಿ ನೀರು ತಂದುಕೊಟ್ಟರು. ಅಕ್ಷಿತಾಳ ಅಮ್ಮ ಅವಳದೊಂದು ಚೂಡಿದಾರ ಕೊಟ್ಟು, ಇಬ್ಬರನ್ನೂ ಊಟಕ್ಕೆ ಕೂರಿಸಿದರು. ಅಕ್ಷಿತಾ ಎರಡೆರಡು ಸಲ ಅನ್ನ ಹಾಕಿಸಿಕೊಂಡು ಗಬಗಬನೆ ತಿಂದಳು. ಅದನ್ನು ನೋಡಲಾಗದೆ ನಾನು ಸಾರಿನ ಕಡೆ ನೋಡಿದೆ.

ತ್ಯಾಂಪಣ್ಣ ನನ್ನೆದುರು ಕೂತು ಪ್ರೀತಿಯಿಂದಲೇ ಬುದ್ಧಿ ಹೇಳಿದರು. “ನಾಚಿಕೆ ಎಂತಕ್ಕೆ ಮಗಾ? ಬೆಳಿಗ್ಗೆ ಸರೀ ತಿಂದು ಬಸ್ಸು ಹತ್ತು, ಎಂತದೂ ಆಗುದಿಲ್ಲ. ನಮ್ಮ ಅಕ್ಷಿತಾಳನ್ನು ನೋಡಿ ಕಲಿ.”

“ಆಯ್ತು ಅಂಕಲ್” ಎಂದೆ. ಪಕ್ಕದಲ್ಲಿ ಅಕ್ಷಿತಾ ತಲೆ ತಗ್ಗಿಸಿ, ಅನ್ನಕ್ಕೆ ಮಜ್ಜಿಗೆ ಕಲಸುತ್ತ ಅಳುತ್ತಿದ್ದಳು.