ಹಣೆಯ ಮೇಲೆ ಒಂಬತ್ತು ನಲವತ್ತು

ಮಂಜು ಇವತ್ತು ಗೇಟಿನ ಒಳಕ್ಕೇ ಬಂದು ನಿಂತುಬಿಟ್ಟಿದೆ, ಪಾಳಿಗೆ ಬಂದವರ ಸಾಲಿನಲ್ಲಿ ಅದೂ ಒಂದಾಳಿನ ಹಾಗೆ, ಕಾರ್ಡೂ ಇಲ್ಲದೆ ಅವಸರವೂ ಇಲ್ಲದೆ — ಹೊಗೆಕೊಳವೆ ಇಲ್ಲ, ನೀರಿನ ಟ್ಯಾಂಕಿಲ್ಲ, ಎದುರಿನ ಸೈಕಲ್ ಸ್ಟ್ಯಾಂಡೂ ಕರಗಿಹೋಗಿದೆ, ಉಳಿದಿರುವುದು ಟೈಮಾಫೀಸಿನ ಈ ಗಾಜು, ಗಾಜಿನ ಬುಡದಲ್ಲಿ ಅರ್ಧಚಂದ್ರದ ಕಿಂಡಿ, ಕಿಂಡಿಯೊಳಗೆ ಬಂದು ಹೋಗುವ ಕೈಗಳು. ಇಪ್ಪತ್ತಾರು ವರ್ಷದಿಂದ ಅವಳು ಕೈಗಳನ್ನೇ ನೋಡಿಕೊಂಡು ಬಂದವಳು, ನೂಲುಗಿರಣಿಯ ಒಂಬೈನೂರು ಜನರ ಕೈ, ಹತ್ತಿಯ ಎಳೆ ಅಂಟಿದ ಬೆರಳು, ಮೆಷಿನ್ನು ಕಚ್ಚಿದ ಹೆಬ್ಬೆರಳು — ಗಾಜಿಗೆ ಬಿಳಿ ಬಣ್ಣ ಬಳಿಸಿದವರು ಹಳೆಯ ಮ್ಯಾನೇಜರು, ಮುಖ ಕಂಡರೆ ಕನಿಕರ ಬರುತ್ತೆ, ಕನಿಕರ ಬಂದರೆ ಟೈಮು ತಪ್ಪುತ್ತೆ ನೋಡಮ್ಮ ಅಂದಿದ್ದರು. ಅವಳಿಗೆ ಟೈಮು ತಪ್ಪಲಿಲ್ಲ. ಕಾರ್ಡನ್ನು ಮೆಷಿನ್ನಿನ ಬಾಯಿಗಿಟ್ಟು ಹಿಡಿ ಒತ್ತಿದರೆ ಟಕ್, ಗಂಟೆ, ನಿಮಿಷ, ಅಚ್ಚು. ಒಂದು ನಿಮಿಷ ಆಚೆಗಾದರೂ ಕೆಂಪು ಶಾಯಿ. ಗಂಟೆಯಕ್ಕ ಅಂತ ಹೆಸರಿಟ್ಟಿದ್ದಾರೆ, ಕೇಳಿಸಲಿ ಅಂತಲೇ ಕರೆಯುತ್ತಾರೆ, ಗಂಟೆಯಕ್ಕ, ಹುಟ್ಟೋವಾಗ್ಲೂ ಟೈಮ್ ನೋಡ್ಕೊಂಡು ಹುಟ್ಟಿದ್ರಾ ನೀವು, ಅಂತ ಈಗೊಂದು ಕೈ, ಉಗುರಿನಲ್ಲಿ ಎಣ್ಣೆ ಮೆತ್ತಿದ ಕೈ, ಮಂಜು ಕಣಕ್ಕ, ದಾರಿ ಬಿಡಿ, ನನ್ ಕಾಲೇ ನನಗೆ ಕಾಣ್ಲಿಲ್ಲ — ಅವಳ ಕೈ ಹಿಡಿಯ ಮೇಲೇ ನಿಂತಿತು. ಕಾಲು. ಒಂಬತ್ತು ದಾಟಿ ಇಪ್ಪತ್ತೆರಡು ನಿಮಿಷ. ಹತ್ತಕ್ಕೆ ಬರುತ್ತೇನೆಂದು ಬರೆದಿದ್ದಾನೆ ಅವನು, ಕಾಲು ಹೋದವನು.

ಟಕ್. ಕೆಂಪು. ಏನಕ್ಕ ನೀವು, ಅಂತ ಕೈ ಹಿಂದಕ್ಕೆ ಹೋಯಿತು. ಒಬ್ಬನಿಗೆ ಮಾತ್ರ ಅವಳು ಟೈಮು ತಪ್ಪಿಸಿ ಕೊಟ್ಟವಳು, ಅದೂ ಬೇಕಂತಲೇ, ಬಂದರಿನ ಷೆಡ್ಡಿನಲ್ಲಿ, ಪರದೇಶದ ಹಡಗಿಗೆ ಕಾಯುವ ಜನ ಪೆಟ್ಟಿಗೆಗಳ ಮೇಲೆ ಕೂತು ನಿದ್ದೆಗೆ ತೂಗುತ್ತಿರುವಾಗ, ತಮ್ಮನ ಬಲಗೈ ಎಳೆದುಕೊಂಡು ಇನ್ನೊಂದು ವಾಚು ಕಟ್ಟಿದಳು. ಎಡಗೈಯಲ್ಲಿ ಒಂದಿದೆಯಲ್ಲೇ ಅಕ್ಕ, ಎರಡು ವಾಚು ಕಟ್ಟಿಕೊಂಡವನನ್ನ ಅಲ್ಲಿ ಕಳ್ಳ ಅಂತಾರೆ, ಅಂತ ನಕ್ಕ. ಅನ್ನಲಿ, ಎಡಗೈದು ಅವರ ಟೈಮು, ಬಲಗೈದು ನಮ್ಮ ಟೈಮು, ಇದರ ಮುಳ್ಳು ತಿರುಗಿಸಬೇಡ, ಯಾವ ಕೆಲಸ ಬಲಗೈಲಿ ಮಾಡಿದರೂ ಮನೆ ಕಣ್ಣಿಗೆ ಬೀಳಲಿ, ಅಂದಳು. ಯಾವ ಕೆಲಸ ಮಾಡಿದರೂ — ತನ್ನದೇ ಮಾತು, ತನ್ನದೇ ನಾಲಿಗೆ. ಬಲಗೈ ಎತ್ತಿ ನೋಡಿಕೊಂಡು ಫೋನು ಮಾಡುತ್ತಿದ್ದ, ಈಗ ನೀನು ಕಿಂಡಿ ತೆಗೀತಿದ್ದೀಯ, ಈಗ ಅಮ್ಮ ನಿನ್ನ ಬೈಕೊಂಡು ಒಲೆ ಹಚ್ಚುತಿದ್ದಾಳೆ, ನಾಲ್ಕು ಗಂಟೆ ಹಿಂದಿದ್ದೀನಿ ಕಣೇ ನಾನು, ನಿಮಗೆ ಆಗಿಹೋದದ್ದು ನನಗಿನ್ನೂ ಆಗಬೇಕು. ಅಲ್ಲಿ ಬ್ರೆಡ್ಡಿನ ವ್ಯಾನು ಓಡಿಸಿದ, ಅಲ್ಲಿಯವನೇ ಆದ, ಕಾಗದಪತ್ರವಾಯಿತು, ಆಮೇಲೆ ಯುದ್ಧ ಬಂತು, ಕೇಳದೆಯೇ ಹೋಗಿ ಸೈನ್ಯದ ಪಟ್ಟಿಗೆ ಹೆಸರು ಬರೆಸಿದ. ಬಂದೂಕು ಹಿಡಿಯಲ್ಲ ಅಮ್ಮ, ಸ್ಟ್ರೆಚರ್ ಹಿಡೀತೀನಿ, ಬ್ರೆಡ್ಡಿನ ಬದಲು ಜನ, ಅಷ್ಟೇ ವ್ಯತ್ಯಾಸ. ಅಕ್ಕ, ಇಲ್ಲಿ ನಿನ್ನಂಥವಳೊಬ್ಬಳು ಗೇಟಿನಲ್ಲಿ ಕೂತಿದ್ದರೆ ಯುದ್ಧ ಸಂಜೆ ಐದಕ್ಕೆ ಮುಗೀತಿತ್ತು, ಓವರ್‌ಟೈಮೇ ಇಲ್ಲ. ನಗು, ನಗುವಿನ ಹಿಂದೆ ದೂರದಲ್ಲಿ ಏನೋ ಬೀಳುವ ಶಬ್ದ, ಅದೇನೋ ಅದು ಅಂದರೆ ಬಾಗಿಲು ಕಣೇ, ಗಾಳಿಗೆ ಬಾಗಿಲು ಬಡೀತಿದೆ. ಆ ಊರಿನಲ್ಲಿ ಅದೆಷ್ಟು ಬಾಗಿಲು ಬಡಿಯುತ್ತಿತ್ತು, ದೇವರೇ.

ಒಂಬತ್ತು ಮೂವತ್ತೈದು. ಸೆರಗಿನೊಳಗೆ ಎದೆಗೆ ತಾಗಿಕೊಂಡಿದೆ ಕಾಗದ, ಬೆವರಿಗೆ ಮೆತ್ತಗಾಗಿ ಚರ್ಮದ ಹಾಗೇ ಆಗಿದೆ. ಸಾವಿನ ಸುದ್ದಿ ಬಂದು ಹತ್ತೊಂಬತ್ತು ದಿನಕ್ಕೆ ಬಂದ ಕಾಗದ, ಸತ್ತವನ ಕೈಬರಹ, ಅಂಚೆಯವನು ಮುಖ ನೋಡದೆ ಕೊಟ್ಟುಹೋಗಿದ್ದ. ಓದಬೇಕಾಗಿಲ್ಲ, ಕಣ್ಣುಮುಚ್ಚಿದರೆ ಸಾಲು ಸಾಲು ನಿಲ್ಲುತ್ತದೆ — ಅಕ್ಕ, ತಪ್ಪು ಮಾಡಿಬಿಟ್ಟೆ. ಕಾಲು ಒಡೆದು ರಕ್ತ ಹೋಗುತ್ತಿದ್ದರೆ ತೊಡೆಗೆ ಬಿಗಿಪಟ್ಟಿ ಕಟ್ಟುತ್ತೇವೆ, ಕಟ್ಟಿದ ಗಂಟೆಯನ್ನು ಗಾಯಾಳುವಿನ ಹಣೆಯ ಮೇಲೆ ಶಾಯಿಯಲ್ಲಿ ಬರೆಯಬೇಕು, ಕಾಲು ಎಷ್ಟು ಹೊತ್ತು ರಕ್ತವಿಲ್ಲದೆ ಇದೆ ಅಂತ ಡಾಕ್ಟರಿಗೆ ಗೊತ್ತಾಗುವುದು ಅದರಿಂದಲೇ. ಅವತ್ತು ಬೆಳಕು ಹರಿಯುವ ಹೊತ್ತು, ನನ್ನ ಎಡಗೈ ಗಾಯದೊಳಗೆ ಅದುಮಿಕೊಂಡಿತ್ತು ಅಕ್ಕ, ಮಣಿಕಟ್ಟಿನವರೆಗೆ ರಕ್ತ, ಬಲಗೈಲಿ ಬರೆದೆ, ಬರೆಯುವ ಕೈಯ ಮೇಲಿದ್ದ ವಾಚು ನೋಡಿ ಬರೆದೆ. ಅವರ ಗಂಟೆ ಐದು ನಲವತ್ತು. ನಾನು ಬರೆದದ್ದು ಒಂಬತ್ತು ನಲವತ್ತು. ಏಳು ಗಂಟೆಗೆ ಅವನನ್ನು ಮೇಜಿನ ಮೇಲೆ ಮಲಗಿಸಿದಾಗ ಡಾಕ್ಟರು ಹಣೆ ಓದಿದರು, ಬೆಳಗಿನ ಒಂಬತ್ತು ನಲವತ್ತು ಇನ್ನೂ ಆಗಿಲ್ಲ, ಹಾಗಾದರೆ ನಿನ್ನೆ ರಾತ್ರಿಯದ್ದು, ಒಂಬತ್ತು ತಾಸಿಗೂ ಮೇಲಾಯಿತು, ಸತ್ತ ಕಾಲು ಅಂದರು, ಹೊರಗೆ ಇನ್ನೂ ಮೂವತ್ತು ಜನ ಮಲಗಿದ್ದರು, ಮುಟ್ಟಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ, ಕತ್ತರಿಸಿದರು. ಬದುಕುವ ಕಾಲು ಅದು, ಕಟ್ಟಿ ಒಂದೂವರೆ ತಾಸೂ ಆಗಿರಲಿಲ್ಲ. ಎರಡು ದಿನ ಬಿಟ್ಟು ನೋಡೋಕೆ ಹೋದಾಗ ಮಂಚದ ತುದಿಯಲ್ಲಿ ಬರೆದದ್ದು ಓದಿ ಗೊತ್ತಾಯಿತು. ಡಾಕ್ಟರಿಗೆ ಹೇಳೋಕೆ ಎರಡು ಸಲ ಹೋದೆ, ಬಾಯಿ ಬರಲಿಲ್ಲ. ಅವನಿಗೆ ಎಚ್ಚರವಾಗಲಿ, ಅವನಿಗೇ ಹೇಳ್ತೀನಿ. ನನ್ನ ಕೈಲಿ ಆಗದೆ ಹೋದರೆ ನೀನು ಹೇಳು ಅಕ್ಕ. — ಮಾರನೆಯ ದಿನವೇ ಇನ್ನೊಬ್ಬನನ್ನು ತರೋಕೆ ಹೋದವನ ಮೇಲೆ ಬಾಂಬು, ಸ್ಟ್ರೆಚರಿನ ಮೇಲೆ, ಎರಡೂ ವಾಚಿನ ಮೇಲೆ... ಒಂಬತ್ತು ಮೂವತ್ತೊಂಬತ್ತು. ಹಿಡಿಯಿಂದ ಅವಳು ಕೈ ತೆಗೆದಳು. ಆರು ವರ್ಷದಿಂದ ದಿನವೂ ಈ ಒಂದು ನಿಮಿಷ ಅವಳು ಯಾರ ಕಾರ್ಡನ್ನೂ ಒತ್ತಿಲ್ಲ, ಕಣ್ಣುಮುಚ್ಚಿ ಕೂರುತ್ತಾಳೆ, ಬೇಡುವುದು ಏನನ್ನೂ ಅಲ್ಲ, ನಿಮಿಷವೊಂದು ತನ್ನ ಪಾಡಿಗೆ ದಾಟಿಹೋಗಲಿ ದೇವರೇ ಅಂತ ಅಷ್ಟೇ. ರೆಪ್ಪೆಯ ಒಳಗೆ ಹಣೆ ಬರುತ್ತದೆ. ಮಣ್ಣು ಮೆತ್ತಿದ, ಯಾರದೆಂದು ಗೊತ್ತಿಲ್ಲದ ಹಣೆ, ಅದರ ಮೇಲೆ ತಮ್ಮನ ಅಂಕೆ, ಒಂಬತ್ತು, ಬಾಲ ಉದ್ದ ಎಳೆದು ಬರೆಯುತ್ತಿದ್ದ ಒಂಬತ್ತು, ಶಾಲೆಯ ಸ್ಲೇಟಿನಲ್ಲೂ ಹಾಗೇ.

ಹೇಳು ಅಂದ, ಹೇಳಿದಳೇ. ಕಾಲು ಹೋದವನ ಮೊದಲ ಕಾಗದ ಬಂದಾಗ, ನಿಮ್ಮ ತಮ್ಮ ನನ್ನ ಪ್ರಾಣ ಉಳಿಸಿದ ಅಕ್ಕ ಅಂತ ಬರೆದಿದ್ದ, ನಮ್ಮ ಮಾತಿನಲ್ಲೇ ಬರೆದಿದ್ದ, ಅವನೂ ತಮ್ಮನ ಹಾಗೆ ಹೊಟ್ಟೆಪಾಡಿಗೆ ಸಮುದ್ರ ದಾಟಿ ಅಲ್ಲಿನ ಸೈನ್ಯಕ್ಕೆ ಸೇರಿದವನು. ಪ್ರಾಣವೇನೋ ಉಳಿಸಿದ್ದೇ, ಅದು ಸುಳ್ಳಲ್ಲ, ದೇವರು ದೊಡ್ಡವನು ಅಂತ ಎರಡು ಸಾಲು ಬರೆದು ಹಾಕಿದಳು. ಎರಡನೆಯ ಕಾಗದ ಹಾಗಿರಲಿಲ್ಲ. ಬಾಂಬು ಬಿದ್ದದ್ದು ನನಗೆ ನೆನಪಿಲ್ಲ, ತಲೆಗೂ ಪೆಟ್ಟಾಗಿತ್ತು, ಪಕ್ಕದಲ್ಲಿದ್ದವನು ನನ್ನ ಜೊತೆಯವನು, ಒಂದೇ ತಟ್ಟೆಯಲ್ಲಿ ಉಂಡವನು, ಅವನು ಬೆಳಗಾಗುವಾಗ ಆದದ್ದು ಅಂತಾನೆ, ಆದ ಕೂಡಲೇ ಕೂಗಿ ಸ್ಟ್ರೆಚರ್ ಕರೆಸಿದೆ ಅಂತ ಆಣೆ ಹಾಕ್ತಾನೆ, ಆದರೆ ನನ್ನ ಹಣೆಯ ಮೇಲೆ ರಾತ್ರಿ ಒಂಬತ್ತು ನಲವತ್ತು ಇತ್ತಂತೆ, ರಾತ್ರಿಯೇ ಪಟ್ಟಿ ಕಟ್ಟಿಹೋದ ನಿಮ್ಮ ತಮ್ಮ ಸ್ಟ್ರೆಚರ್ ಕರೆಸು ಅಂತ ಅವನಿಗೆ ಹೇಳಿರಬೇಕು, ಇವನು ಹೆದರಿ ಗುಂಡಿಯಲ್ಲೇ ಬೆಳಗಿನವರೆಗೆ ಅವಿತು ಕೂತ. ನಿಮ್ಮ ತಮ್ಮ ಆ ದಿನದ ಬಗ್ಗೆ ಏನಾದರೂ ಬರೆದಿದ್ದನಾ ಅಕ್ಕ? ಅವಳು ಆ ಕಾಗದ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಅಮ್ಮ ಆ ಫೋಟೋ ಒರೆಸುತ್ತಿದ್ದಳು, ಅಲ್ಲಿನ ಆಸ್ಪತ್ರೆಯ ಗೋಡೆಯ ಕಲ್ಲಿನಲ್ಲಿ ತಮ್ಮನ ಹೆಸರು ಕೊರೆದದ್ದರ ಫೋಟೋ, ಅಮ್ಮನಿಗೆ ಆ ಲಿಪಿ ಓದಲು ಬಾರದು, ಬೆರಳಿಟ್ಟು ಇದೇ ಅಲ್ವೇನೇ ಅವನ ಹೆಸರು, ಇದೇ ಅಲ್ವಾ ಅನ್ನುತ್ತಾಳೆ ದಿನವೂ. ಇದೇ ಅಮ್ಮ. ಅವನು ಏನೂ ಬರೆದಿಲ್ಲ ಅಂತ ಉತ್ತರ ಹಾಕಿದಳು. ಮೂರು ಪದ. ಒಂದು ನಿಮಿಷಕ್ಕೆ ಕೆಂಪು ಒತ್ತುವವಳು ಮೂರು ಪದದಲ್ಲಿ ನಾಲ್ಕು ತಾಸು ನುಂಗಿದಳು. ಮೂರನೆಯದು ಕಾಗದವೇ ಅಲ್ಲ, ಕಾರ್ಡು — ನಿಮ್ಮ ಉತ್ತರದಿಂದ ನಿಶ್ಚಯವಾಯಿತು. ಗುರುವಾರ ಹತ್ತಕ್ಕೆ ನಿಮ್ಮನ್ನು ಕಂಡು, ಮಧ್ಯಾಹ್ನದ ರೈಲಿಗೆ ಆ ಜೊತೆಯವನ ಊರಿಗೆ ಹೋಗುತ್ತೇನೆ. ನಿಮ್ಮಲ್ಲಿಂದ ಮೂರು ತಾಸಿನ ದಾರಿಯಂತೆ. ಸೈನ್ಯ ಬಿಟ್ಟು ಬಂದು ಅಲ್ಲೇ ಹೆಂಡತಿ ಮಕ್ಕಳ ಜೊತೆ ಇದ್ದಾನೆ. ಅವನ ಹತ್ತಿರ ನನ್ನದೊಂದು ಕೆಲಸ ಬಾಕಿ ಇದೆ.

ಬಿಳಿ ಬಣ್ಣದ ಆಚೆ ಕೋಲು ಕಲ್ಲಿಗೆ ತಾಗುವ ಸದ್ದು, ಒಂದು, ಬಿಡುವು, ಒಂದು, ಗಾಳಿಗೆ ಬಾಗಿಲು ಬಡಿದ ಹಾಗೆ, ಯಾರು ಹೇಳಿದರು ಹತ್ತಕ್ಕೆ ಅಂತ, ಇನ್ನೂ ಎಂಟು ನಿಮಿಷವಿದೆ, ಬೇಗ ಬಂದವನಿಗೆ ಯಾವ ಶಾಯಿ — ಗೇಟು ಕಾಯುವ ಮೀಸೆಯವನ ದನಿ, ಗಂಟೆಯಕ್ಕ, ಯಾರೋ ಕೇಳ್ಕೊಂಡು ಬಂದಿದ್ದಾರೆ, ಒಳಗೆ ಕೂರ್ಸಲಾ, ಚಹಾ ಹೇಳಲಾ. ಬೇಡ ಅಣ್ಣ, ಇಲ್ಲೇ ನಿಂತ್ಕೋತೀನಿ, ಅಂತ ಹೊಸ ದನಿ, ಮೆತ್ತಗಿನ ದನಿ, ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕವನ ದನಿ. ಅಕ್ಕ, ಬಂದೆ. ಕಿಂಡಿಯಲ್ಲಿ ಒಂದು ಕೈ, ಶುಭ್ರವಾದ ಉಗುರು, ಅಂಗೈಯಲ್ಲಿ ಕೋಲು ಹಿಡಿದು ಕಟ್ಟಿದ ಜಡ್ಡು, ಅದರ ಹಿಂದೆ ಇನ್ನೊಂದು ಕೈಯಲ್ಲಿ ಜಗ್ಗುವ ಬ್ಯಾಗು. ಆ ಬ್ಯಾಗು ಕೆಳಗಿಡಪ್ಪ, ಭಾರ ಇರಬೇಕು, ಅಂದಳು. ಇಲ್ಲಕ್ಕ, ಕೈಲೇ ಇರ್ಲಿ. ನಿಮ್ಮ ದನಿ ನಿಮ್ಮ ತಮ್ಮನ ಹಾಗೇ ಇದೆ, ಪಟ್ಟಿ ಬಿಗಿಯೋವಾಗ ಅವನು ಏನೋ ಹೇಳ್ತಾನೇ ಇದ್ದ, ಅದೊಂದೇ ನೆನಪು ನನಗೆ, ಏನು ಅಂತ ಗೊತ್ತಿಲ್ಲ. ರೈಲು ಎಷ್ಟಕ್ಕಪ್ಪ, ಅಂದಳು, ತಾನು ಕೇಳಬೇಕಾದ್ದು ಅದಲ್ಲ. ಹನ್ನೆರಡೂಕಾಲಿಗೆ. ನಿನ್ನ ಜೊತೆಯವನ ಹತ್ರ ಏನು ಮಾತಾಡ್ತೀಯ. ಕೈ ಕಿಂಡಿಯ ಅಂಚನ್ನು ಸವರಿತು, ಹತ್ತಿಯ ಧೂಳಿನಲ್ಲಿ ಬೆರಳಿನ ಒಂದು ಗೆರೆ. ಮಾತು ಆರು ವರ್ಷ ಆಡಿದ್ದೀವಕ್ಕ, ಕಾಗದದಲ್ಲಿ. ಈಗ ಮಾತಿಲ್ಲ, ಕಾಲಿಗೆ ಕಾಲು. ಅವನ ಮಕ್ಕಳು ಸ್ಕೂಲಿಂದ ಬರೋದ್ರೊಳಗೆ ಮುಗಿಸ್ತೀನಿ, ಮಕ್ಕಳು ನೋಡಬಾರದು. ಹೀಗೆ ಹೇಳುತ್ತಾನೆ, ಮನೆಗೆ ಸಾಮಾನು ತರುವ ಮಾತಿನ ಹಾಗೆ. ಅಲ್ಲೊಬ್ಬ ಈ ಹೊತ್ತಿಗೆ ಹಲ್ಲುಜ್ಜುತ್ತಿರಬಹುದು, ಮಗಳ ಜಡೆ ಹೆಣೆಯುತ್ತಿರಬಹುದು, ಬೆಳಕು ಹರಿಯುವಾಗ ಗಂಟಲು ಹರಿಯುವ ಹಾಗೆ ಕೂಗಿ ಸ್ಟ್ರೆಚರ್ ಕರೆದವನು, ಆರು ವರ್ಷದಿಂದ ಯಾರೂ ನಂಬದವನು — ಅಮ್ಮನ ಬೆರಳು ಕಲ್ಲಿನ ಹೆಸರಿನ ಮೇಲೆ, ಇದೇ ಅಲ್ವೇನೇ — ಇದೇ ಅಮ್ಮ, ಇವನೇ, ಬಾಯಿ ಬರಲಿಲ್ಲ ಅಂತ ಬರೆದವನೂ ಇವನೇ. ಸೆರಗಿನೊಳಗೆ ಕೈ ಹೋಯಿತು, ಅವಳು ಕಳಿಸಿದ್ದಲ್ಲ, ತಾನಾಗಿ ಹೋಯಿತು, ಬೆವರಿಗೆ ಮೆತ್ತಗಾದದ್ದನ್ನು ತೆಗೆದು ಕಿಂಡಿಯಲ್ಲಿಟ್ಟು, ಬೆರಳ ತುದಿಯಿಂದ ಆಚೆಗೆ ನೂಕಿತು. ಏನಕ್ಕ ಇದು. ನಿನ್ನದಪ್ಪ, ನನ್ನ ಹತ್ರ ಉಳ್ಕೊಂಡಿತ್ತು. ರೈಲಿಗೆ ಮುಂಚೆ ಓದು, ಇಲ್ಲೇ ಓದು. ಇನ್ನೊಂದು ಕೈ ಬ್ಯಾಗನ್ನು ಕೆಳಗಿಟ್ಟ ಸದ್ದು, ಕಬ್ಬಿಣದ ಸದ್ದು, ಕಾಗದದ ಮಡಿಕೆ ಬಿಚ್ಚುವ ಸದ್ದು, ಅವಳು ಮೇಜಿಗೆ ಕೆನ್ನೆ ತಾಗುವಷ್ಟು ಬಗ್ಗಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕಿಂಡಿಯಿಂದ ಮೇಲಕ್ಕೆ ನೋಡಿದಳು, ಮಂಜಿನಲ್ಲಿ ಕಾಗದದ ಮೇಲೆ ಬಾಗಿದ ಹಣೆ, ತೊಳೆದ ಹಣೆ, ಏನೂ ಬರೆದಿಲ್ಲದ ಹಣೆ, ಒಂಬತ್ತು ನಲವತ್ತು, ಬಾಲ ಉದ್ದದ ಒಂಬತ್ತು, ಒಂಬತ್ತು ನಲವತ್ತು