ಮೇಲಿನ ದನಿ

ಟೇಪಿನಲ್ಲಿ ದನಿ ತಾರಸ್ಥಾಯಿಗೆ ಏರುತ್ತಿದ್ದಂತೆ ರಘೋತ್ತಮ ಕುರ್ಚಿಯಿಂದ ಎದ್ದು ನಿಂತ.

"ಇದು ನಮ್ಮವ್ವ," ಎಂದ.

ಜಾನಕೀಬಾಯಿ ನಕ್ಕರು. "ಕೆಳಗಿನ ದನಿ ನಿಮ್ಮವ್ವಂದು. ಮೇಲಿಂದು ನಂದು. ಸಣ್ಣಾಂವ ಇದ್ದಾಗಿಂದ ಕೇಳೀದಿ, ಇಷ್ಟೂ ಗೊತ್ತಿಲ್ಲೇನು?"

"ಇಲ್ಲ ಮೌಶಿ, ಇನ್ನೊಮ್ಮೆ ಕೇಳು."

ಅವನು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ಈ ಸಲ ಜಾನಕೀಬಾಯಿಯ ನಗು ಅರ್ಧಕ್ಕೇ ನಿಂತಿತು. ದನಿಯ ಅಂಚಿಗೆ ಮೂಗಿನ ಸಣ್ಣದೊಂದು ಎಳೆ ಅಂಟಿಕೊಂಡಿತ್ತು. ಅದು ತಂಗಿ ವೆಂಕೂಬಾಯಿಯದು. ಹಿತ್ತಿಲಿನಿಂದ "ಅಕ್ಕಾ" ಎಂದು ಕೂಗುವಾಗಲೂ ಇರುತ್ತಿತ್ತು. ಇಷ್ಟು ವರ್ಷ ಈ ಟೇಪಿನಲ್ಲಿ ಅದು ಒಮ್ಮೆಯೂ ಕೇಳಿಸಿರಲಿಲ್ಲ.

ರಾಣೆಬೆನ್ನೂರಿನ ಆ ಮನೆಯ ಪಡಸಾಲೆಯಲ್ಲಿದ್ದ ಆಂಪ್ಲಿಫೈಯರನ್ನು ಜಾನಕೀಬಾಯಿಯ ಗಂಡ ಕೃಷ್ಣಾಜಿ ತಾವೇ ಕೈಯಾರೆ ಕೂಡಿಸಿದ್ದರು. ಅದರೊಳಗಿನ ಗಾಜಿನ ವಾಲ್ವುಗಳು ಕಾದು ಕೆಂಪಗಾದ ಮೇಲೆಯೇ ಸ್ಪೀಕರು ಬಾಯಿ ಬಿಡುತ್ತಿತ್ತು. ಊರೆಲ್ಲ ಟ್ರಾನ್ಸಿಸ್ಟರು, ಕ್ಯಾಸೆಟ್ಟು ಎಂದು ಬದಲಾದರೂ ಅವರು ಅದನ್ನು ಬಿಟ್ಟಿರಲಿಲ್ಲ. ಯುಗಾದಿ ಹತ್ತಿರ ಬಂದಾಗ ವಾಲ್ವುಗಳು ಕೈಕೊಟ್ಟವು. ಕೆಲಸದ ಮೇಲೆ ಮುಂಬಯಿಗೆ ಹೋಗಿದ್ದ ರಘೋತ್ತಮ ರಷ್ಯಾದಿಂದ ಬಂದ ಹೊಸ ವಾಲ್ವುಗಳನ್ನು ಹುಡುಕಿ ತಂದು ಹಾಕಿದ್ದ. ಅವನು ಹಾವೇರಿಯಲ್ಲಿ ವಕೀಲ. ತೀರಿಕೊಂಡ ವೆಂಕೂಬಾಯಿಯ ಒಬ್ಬನೇ ಮಗ.

"ವಾಲ್ವಿನ ತಪ್ಪು ಅದು," ಎಂದರು ಕೃಷ್ಣಾಜಿ. "ಹೊಸಾ ವಾಲ್ವು ಚಿರ್ ಅಂತದ. ಇಲ್ಲದ್ದೆಲ್ಲಾ ಕೇಳಸ್ತದ."

"ಅಲ್ರಿ ಕಾಕಾ, ರಷ್ಯಾದ ವಾಲ್ವು ನಮ್ಮವ್ವನ ಮೂಗು ಎಲ್ಲಿಂದ ತರ್ತದರಿ?"

ಕೃಷ್ಣಾಜಿ ಆಂಪ್ಲಿಫೈಯರನ್ನು ಆರಿಸಿಬಿಟ್ಟರು.

ಆ ಟೇಪಿಗೂ ಜಾನಕೀಬಾಯಿಯ ಬದುಕಿಗೂ ದೊಡ್ಡ ನಂಟಿತ್ತು. ಹುಡುಗಿಯರಾಗಿದ್ದಾಗ ಹಾವೇರಿಯ ಒಂದು ಮದುವೆ ಚಪ್ಪರದಲ್ಲಿ ಅಕ್ಕತಂಗಿಯರಿಬ್ಬರೂ ಒಂದೇ ಮೈಕಿನ ಮುಂದೆ ಕೂತು ಭೀಮಪಲಾಸಿ ರಾಗದಲ್ಲಿ ಒಂದು ಪದ ಹಾಡಿದ್ದರು. ಬೀಗರ ಕಡೆಯವರೊಬ್ಬರು ಅದನ್ನು ಸ್ಪೂಲ್ ಟೇಪಿನಲ್ಲಿ ಹಿಡಿದಿದ್ದರು. ಧಾರವಾಡದ ಗುರುಗಳೊಬ್ಬರು ಅದನ್ನು ಕೇಳಿ, ಮೇಲಿನ ದನಿಯ ಹುಡುಗಿಯನ್ನು ಕಳಿಸಿಕೊಡಿ, ಕಲಿಸುತ್ತೇನೆ ಎಂದು ಹೇಳಿ ಕಳಿಸಿದರು. ಅಪ್ಪ, "ಅದು ಜಾನಕಿ," ಎಂದರು. ವೆಂಕೂ ಕೂಡ, "ಹೂಂ, ಅಕ್ಕಂದs," ಎಂದಳು. ಜಾನಕಿ ಧಾರವಾಡಕ್ಕೆ ಹೋದಳು, ಕಲಿತಳು, ಸಭೆಗಳಲ್ಲಿ ಹಾಡಿದಳು. ಈಗಲೂ ಊರಿನ ಹುಡುಗಿಯರು ಹಾಡು ಕಲಿಯಲು ಅವರ ಮನೆಗೇ ಬರುತ್ತಿದ್ದರು. ವೆಂಕೂ ಮದುವೆಯಾಗಿ ಐರಣಿಗೆ ಹೋದಳು. ಮತ್ತೆ ಎಲ್ಲೂ ಹಾಡಲಿಲ್ಲ.

ಹಳೆಯ ವಾಲ್ವು ಹುಡುಕಿಯೇ ತೀರಬೇಕೆಂದು ಕೃಷ್ಣಾಜಿ ಹಟ ಹಿಡಿದರು. ಬ್ಯಾಡಗಿಯ ಸ್ಟೇಷನ್ನಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ದಾದಾಪೀರನಲ್ಲಿ ಸಿಗಬಹುದೆಂದು ಯಾರೋ ಹೇಳಿದ್ದರು. ಗಂಡ ಹೆಂಡತಿ ಇಬ್ಬರೂ ರೈಲು ಹತ್ತಿದರು. ಮೆಣಸಿನಕಾಯಿಯ ಸುಗ್ಗಿ, ಘಾಟಿಗೆ ಅಂಗಡಿ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಸೀನು ಹತ್ತಿತ್ತು.

"ಹಾಲೆಂಡಿನ ಹಳೇವು ಅದಾವ್ರಿ," ಎಂದು ದಾದಾಪೀರ ಹತ್ತಿಯಲ್ಲಿ ಸುತ್ತಿಟ್ಟಿದ್ದ ವಾಲ್ವುಗಳನ್ನು ಬಿಚ್ಚಿದ. "ದಲಾಲಿ ಅಂಗಡಿ ರೇಡಿಯೋದಾಗಿಂದ ತಗದಿಟ್ಟೇನಿ. ಇಂಥಾ ಮಾಲು ಈಗ ಬರೂದಿಲ್ರಿ."

ಜಾನಕೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಹಳೇದು, ಹೊಸಾದು, ಎರಡರಾಗ ಯಾವುದು ಖರೇ ಹೇಳ್ತದ?"

ದಾದಾಪೀರ ಗೊಂದಲಕ್ಕೆ ಬಿದ್ದ. "ಹಳೇದು ಮೆತ್ತಗ ಹೇಳ್ತೈತ್ರಿ. ಹೊಸಾದು ಚೂಪಗ ಹೇಳ್ತೈತಿ. ಖರೇ ಯಾವ್ದು ಅಂದ್ರ... ಹಾಡಿದ ದಿನ ನಾ ಅಲ್ಲಿ ಇರಲಿಲ್ಲಲ್ರಿ ಬಾಯಾರ."

"ನಾ ಇದ್ದೆ," ಎಂದರು ಜಾನಕೀಬಾಯಿ.

ಅವನು ಮುಂದಿನ ಮಾತಿಗಾಗಿ ಕಾದ. ಅವರು ಹಳೆಯ ವಾಲ್ವುಗಳನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಮರಳುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಅವರು ಚಪ್ಪರವನ್ನು ನೆನೆಯಲು ನೋಡಿದರು. ವೆಂಕೂ ಉಟ್ಟಿದ್ದ ಹಸಿರು ಸೀರೆ ನೆನಪಾಯಿತು. ಬಿಸಿ ಹಾಲಿಗೆ ಕಲ್ಲುಸಕ್ಕರೆ ಹಾಕಿ ಕೊಟ್ಟಿದ್ದು ನೆನಪಾಯಿತು. ಒಬ್ಬಳು ಮೇಲೆ ಹೋದರೆ ಇನ್ನೊಬ್ಬಳು ಕೆಳಗಿನ ಷಡ್ಜದಲ್ಲಿ ನಿಲ್ಲಬೇಕು. ಯಾರು ಮೇಲೆ ಹೋಗಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತಿರಲಿಲ್ಲ. ಹೋಗಬೇಕೆನಿಸಿದವಳು ಇನ್ನೊಬ್ಬಳ ಕೈ ಅದುಮುತ್ತಿದ್ದಳು, ಅಷ್ಟೆ. ಆ ದಿನವೂ ಒಂದು ಕೈ ಅದುಮಿತ್ತು. ಇಬ್ಬರೂ ಕಣ್ಣು ಮುಚ್ಚಿದ್ದರು. ಅದುಮಿದ ಕೈ ಯಾರದು? ಅಪ್ಪ "ಅದು ಜಾನಕಿ" ಎಂದ ಮೇಲೆ ಅದನ್ನು ನೆನಪಿಡುವ ಕಾರಣವೇ ಬಂದಿರಲಿಲ್ಲ.

"ಯಾಕ, ಸುಮ್ಮನಾದಿ?" ಎಂದರು ಕೃಷ್ಣಾಜಿ.

"ಘಾಟು," ಎಂದರು ಅವರು.

ಭಾನುವಾರ ಮಧ್ಯಾಹ್ನ ರಘೋತ್ತಮ ಮತ್ತೆ ಬಂದ. ಕೃಷ್ಣಾಜಿ ಹಳೆಯ ವಾಲ್ವುಗಳನ್ನು ಕೂರಿಸಿ ಟೇಪು ಹಚ್ಚಿದರು. ದನಿ ದುಂಡಗಾಗಿ, ತುಸು ಮಂಕಾಗಿ ಬಂತು. ಮೂಗಿನ ಎಳೆ ಎಲ್ಲೋ ಕರಗಿಹೋಗಿತ್ತು.

"ನೋಡು! ಇದು ನಿಂದs," ಎಂದು ಕೃಷ್ಣಾಜಿ ತೊಡೆ ತಟ್ಟಿದರು.

ರಘೋತ್ತಮ ತಲೆ ಅಲ್ಲಾಡಿಸಿದ. "ನನಗ ಈಗೂ ಅವ್ವನs ಕೇಳಸ್ಲಿಕ್ಕತ್ತಾಳ."

ಬಟ್ಟೆಯಿಂದ ಬಿಸಿ ವಾಲ್ವು ಹಿಡಿದು ಕಿತ್ತು, ಹೊಸದನ್ನು ಹಾಕಿದರು. ಮತ್ತೆ ಹಳೆಯದು. ಮತ್ತೆ ಹೊಸದು. ಕೃಷ್ಣಾಜಿಗೆ ಹೊಸದರಲ್ಲೂ ಹೆಂಡತಿಯೇ ಕೇಳಿಸತೊಡಗಿದಳು. ಜಾನಕೀಬಾಯಿಗೆ ಮಾತ್ರ ಒಂದೊಂದು ಸಲ ಒಂದೊಂದು. ಹಳೆಯದರಲ್ಲಿ ತಾವು ಎಂದುಕೊಳ್ಳುವಷ್ಟರಲ್ಲಿ ವೆಂಕೂ ಬರುವಳು. ಹೊಸದರಲ್ಲಿ ವೆಂಕೂ ಎಂದು ನಿಶ್ಚಯಿಸುವಾಗ ಸ್ವರವನ್ನು ಥಟ್ಟನೆ ಹೊರಳಿಸುವ ತಮ್ಮದೇ ಒಂದು ಹರಕತ್ತು ಹಾದುಹೋಗುವುದು. ಕಡೆಗೆ ಅದು ಅವರಿಗೆ ಗುರುತೇ ಇಲ್ಲದ ಯಾವುದೋ ಹುಡುಗಿಯ ದನಿಯಾಯಿತು.

"ನೀನs ಹೇಳ್ಬೇಕು ಜಾನಕಿ," ಎಂದು ಕೃಷ್ಣಾಜಿ ರೇಗಿದರು. "ಹಾಡಿದಾಕಿಗೇ ಗೊತ್ತಿಲ್ಲಂದ್ರ ಹ್ಯಾಂಗ?"

"ಗೊತ್ತಿತ್ತು," ಎಂದರು ಜಾನಕೀಬಾಯಿ. "ಹೋದ ತಿಂಗಳ ತನಕಾ ಗೊತ್ತಿತ್ತು."

ರಘೋತ್ತಮ ಟೇಪು ನಿಲ್ಲಿಸಿದ. "ಮೌಶಿ, ನಾ ವಾದಕ್ಕ ಬಂದಿಲ್ಲ. ಅವ್ವ ಛಲೋ ಹಾಡ್ತಿದ್ಲಂತ ಮಂದಿ ಹೇಳ್ತಿದ್ರು. ಮನ್ಯಾಗ ಆಕಿ ಒಂದ್ ದಿನಾನೂ ಬಾಯಿ ತಗೀಲಿಲ್ಲ. ಹಾಡಂತ ಕಾಡಿದ್ರ, 'ಅಕ್ಕ ಹಾಡ್ತಾಳಲ್ಲ, ಸಾಕು' ಅಂತಿದ್ಲು. ಆಕೀ ದನಿ ಕೇಳ್ಬೇಕಿತ್ತು, ಅಷ್ಟs."

ಕೃಷ್ಣಾಜಿ ಎದ್ದರು. "ನಾ ಚಹಾಕ್ಕ ಇಡ್ತೀನಿ," ಎಂದು ಒಳಗೆ ಹೋದರು.

"ಅಕ್ಕ ಹಾಡ್ತಾಳಲ್ಲ, ಸಾಕು" ಎಂಬುದನ್ನು ವೆಂಕೂ ಯಾವ ಮುಖದಲ್ಲಿ ಹೇಳಿರಬಹುದೆಂದು ಜಾನಕೀಬಾಯಿ ಊಹಿಸಲು ನೋಡಿದರು. ಹೆಮ್ಮೆಯಿಂದಲೋ, ಸಿಟ್ಟಿನಿಂದಲೋ, ಬರೇ ಕೆಲಸದ ಗಡಿಬಿಡಿಯಲ್ಲೋ. ಒಂದು ಮುಖವೂ ಗಟ್ಟಿಯಾಗಿ ನಿಲ್ಲಲಿಲ್ಲ.

"ಯಾವ ವಾಲ್ವು ಇರ್ಲಿ ಮೌಶಿ?"

"ಇದ್ದದ್ದು ಇರ್ಲಿ." ಯಾವುದಿದೆ ಎಂಬುದು ಅವರಿಗೆ ಆಗ ನೆನಪಿರಲಿಲ್ಲ. "ಮೇಲಿಂದು ಬಿಡು. ಈಗ ಕೆಳಗಿಂದು ಕೇಳೋಣು. ಅದನ್ನ ಯಾರೂ ಕೇಳೇ ಇಲ್ಲ."

ಟೇಪು ತಿರುಗಿತು. ಮೇಲಿನ ದನಿ ಏರುತ್ತ ಹೋಯಿತು. ಅದರ ಅಡಿಯಲ್ಲಿ ಇನ್ನೊಂದು ದನಿ ಅಲುಗಾಡದೆ ನಿಂತಿತ್ತು. ಜಾನಕೀಬಾಯಿ ಕಣ್ಣು ಮುಚ್ಚಿ ಅದರ ಜೊತೆಗೆ ಮೆಲ್ಲನೆ ಗುನುಗಿದರು. ನಡುವೆ ಒಂದು ಕಡೆ, ಯಾರೂ ಉಸಿರು ತೆಗೆದುಕೊಳ್ಳದ ಜಾಗದಲ್ಲಿ, ಟೇಪಿನ ಆ ಕೆಳಗಿನ ದನಿ ಉಸಿರು ತೆಗೆದುಕೊಂಡಿತು. ಜಾನಕೀಬಾಯಿಯೂ ಅಲ್ಲೇ ತೆಗೆದುಕೊಂಡರು. ರಘೋತ್ತಮ ತಲೆಯೆತ್ತಿ ನೋಡಿದ. ಎಷ್ಟೋ ಸಲ ಕೇಳಿದ್ದರಿಂದ ಹಾಗಾಯಿತೋ, ಆ ಕೆಳಗಿನ ದನಿ ತಮ್ಮದೇ ಆಗಿದ್ದರಿಂದಲೋ, ಅವರಿಗೂ ತಿಳಿಯಲಿಲ್ಲ. ಗುನುಗುವುದನ್ನು ಅವರು ನಿಲ್ಲಿಸಲಿಲ್ಲ.

ಕೃಷ್ಣಾಜಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಬೇಕೋ ಬೇಡವೋ ಎಂದು ತಿಳಿಯದೆ, ಬಟ್ಟಲುಗಳು ಸಪ್ಪಳ ಮಾಡದಂತೆ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡರು.